ಗಜೇಂದ್ರಗಡಕ್ಕೆ ಹೊರಟು ರೋಣದಲ್ಲಿ ಇಳಿದದ್ದು

ಹುಬ್ಬಳ್ಳಿಯಲ್ಲಿ ನರಗುಂದದ ಬಸ್ಸು ಹತ್ತಿದಾಗ ಬೆಳಿಗ್ಗೆ ಆರೂವರೆ. ಜನವರಿಯ ಒಂದು ಭಾನುವಾರ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಸಂದಿಯಿಂದ ನುಗ್ಗುವ ಗಾಳಿ ಕಿವಿ ಕೊರೆಯುತ್ತಿತ್ತು. ಆಧಾರ್ ತೋರಿಸಿ ಹೆಣ್ಣುಮಕ್ಕಳ ಉಚಿತ ಟಿಕೆಟ್ ಪಡೆದೆ. "ಎಲ್ಲಿಗ್ರಿ?" ಎಂದು ಕಂಡಕ್ಟರ್ ಕೇಳಿದಾಗ, "ನರಗುಂದ" ಎನ್ನಲು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಆರು ದಿನಗಳಲ್ಲಿ ನಾನು ಒಬ್ಬರ ಮುಖ ನೋಡಿ ಆಡಿದ ಮೊದಲ ಮಾತು ಅದು.

ನನ್ನ ಕೆಲಸವೇ ಮಾತು. ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಒಂದು ಆಡಿಯೋ ಕಂಪನಿಗೆ ಕಳಿಸುತ್ತೇನೆ, ಜನ ಮೊಬೈಲಿನಲ್ಲಿ ಕೇಳುತ್ತಾರೆ. ಕಚೇರಿಯಿಲ್ಲ, ಜೊತೆಗಾರರಿಲ್ಲ. ಹೊರಗಿನ ಸದ್ದು ಬಾರದಂತೆ ಬಾಡಿಗೆ ಕೋಣೆಯ ಗೋಡೆಗಳಿಗೆ ಕೌದಿ ತೂಗುಹಾಕಿ, ಫ್ಯಾನ್ ಆರಿಸಿ, ದಿನಕ್ಕೆ ಏಳೆಂಟು ತಾಸು ಮೈಕಿನ ಮುಂದೆ ಕೂರುತ್ತಾ ಮೂರು ವರ್ಷ ಕಳೆದಿತ್ತು. ಬೇಡವೆಂದರೆ ಮುಂದೆ ಯಾರೂ ಕರೆಯಲಿಕ್ಕಿಲ್ಲ ಎಂಬ ಭಯಕ್ಕೆ ಬಂದ ಕೆಲಸವನ್ನೆಲ್ಲ ಒಪ್ಪಿಕೊಂಡೆ. ತಂಗಿಯ ಸೀಮಂತಕ್ಕೂ ಹೋಗಲಿಲ್ಲ. ಡಿಸೆಂಬರಿನಲ್ಲಿ ಒಂದು ಕಾದಂಬರಿಯ ಒಂಬತ್ತನೇ ಅಧ್ಯಾಯಕ್ಕೆ ಬಂದಾಗ ದನಿ ನಿಂತುಹೋಯಿತು. ಮೈಕ್ ಚಾಲೂ ಮಾಡಿದರೆ ಸಾಕು, ಗಂಟಲು ಬಿಗಿಯುತ್ತಿತ್ತು. ದವಾಖಾನೆಯಲ್ಲಿ ನೋಡಿ, ಗಂಟಲಿಗೇನೂ ಆಗಿಲ್ಲ ಎಂದರು.

ಗಜೇಂದ್ರಗಡಕ್ಕೆ ಬಾ ಎಂದು ಕರೆದವಳು ರೇಣುಕಾ. ರೋಣದ ತನ್ನ ಮನೆಯಲ್ಲೇ ಕೂತು ಮದುವೆಯ ಫೋಟೋ ಆಲ್ಬಂಗಳನ್ನು ವಿನ್ಯಾಸ ಮಾಡುವ ಹುಡುಗಿ. ನನ್ನ ಓದು ಕೇಳುತ್ತ ಕೆಲಸ ಮಾಡುತ್ತಾಳಂತೆ. ಒಂದು ದಿನ ಮೆಚ್ಚಿ ಸಂದೇಶ ಕಳಿಸಿದ್ದಳು. ಆಮೇಲೆ ವರ್ಷವಿಡೀ ಧ್ವನಿಸಂದೇಶಗಳಲ್ಲೇ ಮಾತಾಡಿಕೊಂಡೆವು, ಮುಖ ನೋಡಿರಲಿಲ್ಲ. "ಅಕ್ಕಾ, ಗಜೇಂದ್ರಗಡದಾಗ ತಿಂಗಳಿಗೊಮ್ಮೆ ನಮ್ಮಂಥಾವ್ರು ಕೂಡ್ತೀವಿ, ಒಬ್ಬೊಬ್ಬರ ಕುಂತು ಕೆಲಸ ಮಾಡೋರು. ನೀವೂ ಬರ್ರಿ. ರೋಣದಾಗ ನಿಮ್ಮ ಬಸ್ಸಿಗೇ ಹತ್ತತೇನಿ" ಎಂದಿದ್ದಳು.

ನರಗುಂದದಲ್ಲಿ ಬಸ್ಸು ಬದಲಿಸಬೇಕು. ಗುಡ್ಡದ ಮೇಲೆ ಬಿಸಿಲು ಆಗಷ್ಟೇ ಬಿದ್ದಿತ್ತು. ನಿಲ್ದಾಣದ ಎದುರು ಮಿರ್ಚಿ ಕರಿಯುತ್ತಿದ್ದರು; ನಾನು ಚಹಾ ಮಾತ್ರ ಕುಡಿದು ರೇಣುಕಾಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಹಿಂದಿನ ದಿನ ಕಳಿಸಿದ ಎರಡು ಸಂದೇಶಗಳೂ ಅವಳಿಗೆ ತಲುಪಿರಲಿಲ್ಲ. ಪಕ್ಕದಲ್ಲೇ ಹುಬ್ಬಳ್ಳಿಗೆ ಹೊರಟ ಬಸ್ಸು ಗುರುಗುಡುತ್ತಿತ್ತು. ತಿರುಗಿ ಹೋಗಲು ನೆಪ ಸಿಕ್ಕಿತೆಂದು ಸಮಾಧಾನವೂ ಆಯಿತು. ಮೆಟ್ಟಿಲ ಮೇಲೆ ಕಾಲಿಟ್ಟೂ ಬಿಟ್ಟೆ. ಆಗ ಗುರುವಾರ ಅವಳು ಕಳಿಸಿದ್ದ ಕೊನೆಯ ಸಂದೇಶ ನೆನಪಾಗಿ ಮತ್ತೆ ಹಾಕಿ ಕೇಳಿದೆ. "ಇನ್ನ ನನ್ನಿಂದ ಆಗಂಗಿಲ್ಲ ಅನಸ್ತೈತಿ, ಅಕ್ಕಾ." ಹಿಂದೆಯೇ ಸಣ್ಣ ನಗು. ಗುರುವಾರ ಆ ನಗುವನ್ನಷ್ಟೇ ಕೇಳಿಸಿಕೊಂಡಿದ್ದೆ. ಈಗ ಅದು ನಗುವಿನಂತೆ ಕೇಳಲಿಲ್ಲ. ಮೆಟ್ಟಿಲಿಂದ ಇಳಿದು ರೋಣದ ಬಸ್ಸು ಹತ್ತಿದೆ.

ಒಂದು ತಾಸಿಗಿಂತ ಹೆಚ್ಚಿನ ದಾರಿ. ಎರಡೂ ಕಡೆ ಎರೆಭೂಮಿ, ಕಡಲೆ, ತೆನೆ ಹಿಡಿದ ಜೋಳ. ನನಗೆ ಯಾವುದೂ ಸರಿಯಾಗಿ ಕಾಣಲಿಲ್ಲ. ಪ್ರತಿ ಊರಿನಲ್ಲಿ ಬಸ್ಸು ನಿಂತಾಗಲೂ ಕಂಡಕ್ಟರ್‌ನ ಮೇಲೆ ಸಿಟ್ಟು ಬರುತ್ತಿತ್ತು. ರೋಣದಲ್ಲಿ ಬಸ್ಸು ನಿಂತಾಗ ಯಾರೂ ಕೈಬೀಸಲಿಲ್ಲ. ಇಳಿದೆ. ಅವಳ ಮನೆ ಎಲ್ಲಿ ಎಂಬುದೂ ನನಗೆ ಗೊತ್ತಿರಲಿಲ್ಲ. ಹತ್ತಿರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೇಳಿದಾಗ, "ಆಲ್ಬಮ್ ರೇಣುಕಾ ಏನ್ರಿ? ಹಿಂದಿನ ಓಣಿ, ನೀಲಿ ಬಾಗಲಾ" ಎಂದರು. ನಡೆದೆನೋ ಓಡಿದೆನೋ ತಿಳಿಯದು.

ಬಾಗಿಲು ತೆಗೆದದ್ದು ಅವಳ ತಾಯಿ. ನಾನು ರೇಣುಕಾಳ ಗೆಳತಿ, ಹುಬ್ಬಳ್ಳಿಯಿಂದ ಬಂದೆ ಎಂದದ್ದೇ ತಡ, ಕೈ ಹಿಡಿದುಕೊಂಡರು.

"ಮೂರ ದಿನ ಆತ್ ನೋಡವಾ, ಖೋಲಿಯಿಂದ ಹೊರಗ ಬಂದಿಲ್ಲ. ಕರದ್ರ 'ಕೆಲಸ ಐತಿ' ಅಂತಾಳ. ನಿನ್ನೆ ಸಂಜಿಯಿಂದ ಅದನ್ನೂ ಅನ್ನವಲ್ಲಳು."

ಅಟ್ಟದ ಮೇಲಿನ ಕೋಣೆಯ ಹೊರಗೆ ರೊಟ್ಟಿ, ಪಲ್ಯದ ತಾಟು ಮುಚ್ಚಿಟ್ಟಂತೆಯೇ ಇತ್ತು. ಬಾಗಿಲು ಬಡಿದೆ. ಸದ್ದಿಲ್ಲ. "ರೇಣುಕಾ, ನಾ ಸುನಂದಾ" ಎಂದೆ. ಆಗಲೂ ಇಲ್ಲ. ತಾಯಿ ಸೆರಗನ್ನು ಬಾಯಿಗೊತ್ತಿಕೊಂಡರು. ಪಕ್ಕದ ಮನೆಯವರನ್ನು ಕರೆಯಿರಿ, ಬಾಗಿಲು ಒಡೆಯೋಣ ಎಂದು ಅವರನ್ನು ಕೆಳಗೆ ಕಳಿಸಿ, ನಾನು ಬಾಗಿಲಿಗೆ ಬಾಯಿ ಹಚ್ಚಿ ಮಾತಾಡತೊಡಗಿದೆ.

ಯಾರಿಗೂ ಹೇಳದಿದ್ದುದನ್ನೇ ಹೇಳಿದೆ. ದನಿ ನಿಂತದ್ದು, ಕಂಪನಿಗೆ "ಮುಗೀತಾ ಬಂತು" ಎಂದು ಸುಳ್ಳು ಹೇಳುತ್ತಿರುವುದು, ಸ್ನಾನ ಮಾಡದೆ ದಿನಗಳು ಕಳೆದದ್ದು, ತಂಗಿಯ ಕೂಸಿನ ಮುಖ ಇನ್ನೂ ನೋಡಿಲ್ಲವೆಂಬುದು. "ನರಗುಂದದಾಗ ತಿರುಗಿ ಹೊಂಟಿದ್ದೆ. ನಿನ್ನ ದನಿ ಕೇಳಿ ಬಂದೇನಿ. ಈಗ ನೀ ಸುಮ್ಮನ ಕುಂತರ ಹ್ಯಾಂಗ?" ಎಂದೆ. ನನ್ನ ದನಿ ಒಡೆದು ಕೆಟ್ಟದಾಗಿತ್ತು, ಆದರೆ ನಿಲ್ಲಲಿಲ್ಲ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ತಡೆದು ಚಿಲಕ ಸರಿಯಿತು.

ಕೆದರಿದ ಕೂದಲು, ಊದಿದ ಕಣ್ಣು. ಇಪ್ಪತ್ತಾರರ ಹುಡುಗಿ. ನನ್ನನ್ನು ಒಂದು ಕ್ಷಣ ನೋಡಿ, "ಮದುವಿ ಮನಿಯವ್ರು ಒಂದ ಆಲ್ಬಮ್ ಹನ್ನೊಂದ ಸಲ ವಾಪಸ್ ಕಳಿಸ್ಯಾರ, ಅಕ್ಕಾ. ಈ ಮಂದಿ ನಗೋ ಫೋಟೋ ಈಗ ನೋಡಾಕೂ ಆಗವಲ್ದು" ಎಂದಳು. ಹೊಸಲಿನ ಮೇಲೆಯೇ ಕುಸಿದು ಅತ್ತಳು. ಮೆಟ್ಟಿಲ ಬುಡಕ್ಕೆ ಬಂದಿದ್ದ ತಾಯಿ ಅಲ್ಲಿಂದಲೇ ನೆರೆಯವರಿಗೆ ಕೈಸನ್ನೆ ಮಾಡಿ ಕಳಿಸಿ ಮೇಲೆ ಬಂದರು. "ಸಾಯಬೇಕು ಅನ್ಸಿತ್ತೇನು?" ಎಂದು ನೇರವಾಗಿ ಕೇಳಿದೆ. ಅಂಗೈಯಿಂದ ಕಣ್ಣೊರೆಸಿಕೊಂಡು, "ಅಲ್ಲೀ ಮಟಾ ಹೋಗಿಲ್ಲ. ಆದ್ರ ಯಾರೂ ಬರಲಿಲ್ಲಂದ್ರ ಏನ್ ಆಗ್ತಿತ್ತೋ ಗೊತ್ತಿಲ್ಲ" ಎಂದಳು. ಸೋಮವಾರ ಗದಗಿನ ಮನೋವೈದ್ಯರಲ್ಲಿಗೆ ಕರೆದೊಯ್ಯುವುದಾಗಿ ತಾಯಿ ಅಲ್ಲೇ ಒಪ್ಪಿಕೊಂಡರು.

ಗಜೇಂದ್ರಗಡಕ್ಕೆ ಹೋಗುವುದು ಬೇಡವೆಂದೇ ನಾನು ಹೇಳಿದೆ. ರೇಣುಕಾ ಒಪ್ಪಲಿಲ್ಲ. ತಲೆಸ್ನಾನ ಮಾಡಿ, ಅರ್ಧ ರೊಟ್ಟಿ ತಿಂದು ಹೊರಟಳು. ಸೂಡಿ ದಾಟಿದ ಮೇಲೆ ಗಾಳಿಯಂತ್ರಗಳು, ಆಮೇಲೆ ಗುಡ್ಡದ ಸಾಲು ಕಂಡವು. ದಾರಿಯುದ್ದಕ್ಕೂ ನಾನು ಅವಳ ಕೈ ಬಿಡಲಿಲ್ಲ.

ಕೂಟ ಸೇರುವುದು ಒಂದು ಕೈಮಗ್ಗದ ಮನೆಯ ಮಾಳಿಗೆಯಲ್ಲಿ. ಐದು ಜನರಿದ್ದರು. ಅಂಗಡಿ ಫಲಕಗಳನ್ನು ಬರೆಯುವ ಮಲ್ಲಪ್ಪ ಕಾಕಾ ಹಿರಿಯರು. ತಡವಾದದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು. ರೇಣುಕಾಳ ಮುಖ ನೋಡಿದ್ದೇ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅವಳು ನಡೆದದ್ದನ್ನು ಹೇಳಿದಳು. ಯಾರೂ ಉಪದೇಶ ಮಾಡಲಿಲ್ಲ. ಕಾಕಾ ಕೇಳಿದ್ದು ಒಂದೇ: "ಆ ಆಲ್ಬಮ್ಮಿನಾಗ ಎಷ್ಟ ಹಾಳಿ ಉಳದಾವು?"

"ನಲವತ್ತು."

ವಿಡಿಯೋ ಎಡಿಟಿಂಗ್ ಮಾಡುವ ಇಬ್ಬರು ಇಪ್ಪತ್ತಿಪ್ಪತ್ತು ಹಂಚಿಕೊಂಡರು. ಆ ಮದುವೆಮನೆಯವರೊಡನೆ ಮಾತಾಡುವ ಕೆಲಸ ಕಾಕಾ ತಾವೇ ವಹಿಸಿಕೊಂಡು, ಅಲ್ಲಿಂದಲೇ ಫೋನ್ ಮಾಡಿ ಎಂಟು ದಿನ ಹೆಚ್ಚಿಗೆ ಕೇಳಿ ಪಡೆದರು. ನಾನೂ ದನಿ ನಿಂತದ್ದನ್ನು ಹೇಳಿಕೊಂಡಾಗ, ಮೊಬೈಲಿನಲ್ಲಿದ್ದ ಆ ಒಂಬತ್ತನೇ ಅಧ್ಯಾಯವನ್ನು ಅಲ್ಲೇ ಓದಲು ಹೇಳಿದರು. ಕೆಳಗೆ ಮಗ್ಗ ಬಡಿಯುತ್ತಿತ್ತು, ಯಾರೋ ಕೆಮ್ಮಿದರು. ಎರಡು ಕಡೆ ತಡವರಿಸಿದೆ. ಆದರೆ ಎದುರಿಗೆ ಕೇಳುವ ಮುಖಗಳಿದ್ದವು, ಅಧ್ಯಾಯ ಮುಗಿಯಿತು. ಕಂಪನಿಗೆ ಅಲ್ಲಿಂದಲೇ ನಿಜ ಬರೆದೆ. ಆಮೇಲೆ ನನಗೆ ಕೊಡಬೇಕಿದ್ದ ಮುಂದಿನ ಒಂದು ಪುಸ್ತಕ ಕೈತಪ್ಪಿತು, ಈ ಕಾದಂಬರಿ ಉಳಿಯಿತು.

ಸಂಜೆಯ ಬಸ್ಸಿನಲ್ಲಿ ಮರಳಿದೆವು. ದಿನಾ ಮುಂಜಾನೆ ಒಂಬತ್ತಕ್ಕೆ ಒಬ್ಬರಿಗೊಬ್ಬರು ಫೋನ್ ಮಾಡುವುದೆಂದು ಮಾತಾಯಿತು. ರೋಣ ಹತ್ತಿರವಾದಾಗ ರೇಣುಕಾ ಕೇಳಿದಳು: "ನಾ ಎತ್ತಲಿಲ್ಲಂದ್ರ ನೀವ್ ಬರ್ತೀರಿ. ನೀವ್ ಎತ್ತಲಿಲ್ಲಂದ್ರ ನಾ ಎಲ್ಲಿಗೆ ಬರ್ಲಿ?"

ಮೂರು ವರ್ಷದಿಂದ ನಾನಿರುವ ಕೋಣೆಯ ವಿಳಾಸ ತಂಗಿಗೂ ಸರಿಯಾಗಿ ತಿಳಿದಿರಲಿಲ್ಲ. ಚೀಟಿಯ ಮೇಲೆ ಓಣಿ, ಮನೆಯ ನಂಬರು, ಎಷ್ಟನೇ ಮಾಳಿಗೆ, ಎಲ್ಲ ಬರೆದು ಕೊಟ್ಟೆ. ಅವಳು ಒಮ್ಮೆ ಗಟ್ಟಿಯಾಗಿ ಓದಿ, "ಮಾಲಕರ ಫೋನ್ ನಂಬರೂ ಬರೀರಿ" ಎಂದಳು. ಬರೆದೆ. ಅವಳು ಇಳಿದಳು. ತಾಯಿ ನಿಲ್ದಾಣದಲ್ಲೇ ಕಾದಿದ್ದರು. ಬಸ್ಸು ತಿರುವಿಗೆ ಬಂದಾಗ ಹಿಂದಿರುಗಿ ನೋಡಿದೆ. ದೀಪದ ಕಂಬದ ಕೆಳಗೆ ನಿಂತು ರೇಣುಕಾ ಚೀಟಿ ಹಿಡಿದು ತಾಯಿಗೆ ನನ್ನ ವಿಳಾಸ ಓದಿ ಹೇಳುತ್ತಿದ್ದಳು.