ಪಿಳ್ಳಪ್ಪನವರ ಮೂಗು

ಯಾವ ಕಾರು ಬಂದರೂ ಪಿಳ್ಳಪ್ಪನವರು ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಒಳಗೆ ಹೋಗಿ ಕೂರುತ್ತಿದ್ದರು. ನಾಲ್ಕೂ ಗಾಜು ಏರಿಸಿ, ಫ್ಯಾನು ಹಾಕಿ, ಕಣ್ಣು ಮುಚ್ಚಿಕೊಂಡು ಮೂಗಿನಲ್ಲಿ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ಇಳಿದು ಬಂದು, ಈ ಗಾಡಿಯಲ್ಲಿ ಇಲಿ ಓಡಾಡಿದೆ, ಕಾರ್ಪೆಟ್ಟಿನ ಕೆಳಗೆ ನೀರು ನಿಂತಿದೆ, ಮಗು ಹಾಲು ಕಕ್ಕಿದೆ ಎಂದು ವರದಿ ಒಪ್ಪಿಸುತ್ತಿದ್ದರು. ಚಿಕ್ಕಬಳ್ಳಾಪುರದ ಉಳಿದ ಮೆಕ್ಯಾನಿಕ್‌ಗಳು ಇದನ್ನು ಕಂಡು ನಗುತ್ತಿದ್ದರು. ಮೊದಲ ಸಲ ನೋಡಿದಾಗ ನಾನೂ ನಗಬೇಕಿತ್ತು. ನಗುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಅದು ಎರಡು ಸಾವಿರದ ಆರೋ ಏಳೋ. ಮನೆ ಚಿಕ್ಕಬಳ್ಳಾಪುರದಲ್ಲಿ, ನಾನು ಗಣಿತ ಹೇಳಿಕೊಡುತ್ತಿದ್ದ ಹೈಸ್ಕೂಲು ಶಿಡ್ಲಘಟ್ಟದಲ್ಲಿ. ಬಸ್ಸಿನ ಧೂಳಿಗೆ ಗೂರಲು ಜಾಸ್ತಿಯಾಯಿತೆಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಹಾಳಾದ್ದು, ಕಾರಿನಲ್ಲಿ ಗೂರಲು ಇನ್ನೂ ಹೆಚ್ಚಿತು. ಶಾಲೆ ಮುಟ್ಟುವಷ್ಟರಲ್ಲಿ ಎದೆ ಕಟ್ಟಿರುತ್ತಿತ್ತು. ಪಾಠದ ನಡುವೆ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಡಾಕ್ಟರು ಓಡಾಟ ಬಿಟ್ಟುಬಿಡಿ ಎಂದರು. ಓಡಾಟ ಬಿಡುವುದೆಂದರೆ ಕೆಲಸ ಬಿಡುವುದು, ಮನೆ ನಡೆಯುತ್ತಿದ್ದುದೇ ನನ್ನ ಸಂಬಳದಲ್ಲಿ. ಸ್ವಯಂನಿವೃತ್ತಿಯ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಕೊಡಲು ಧೈರ್ಯವಿಲ್ಲ, ಹರಿಯಲು ಶಕ್ತಿಯಿಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನನಗೆ ರೇಗುತ್ತಿತ್ತು.

ಪಿಳ್ಳಪ್ಪನವರ ತಗಡಿನ ಶೆಡ್ಡಿಗೆ ನಾನು ಹೋದದ್ದು ಗೂರಲಿಗಲ್ಲ, ಗಾಜಿಗೆ. ಶಿಡ್ಲಘಟ್ಟಕ್ಕೆ ಹೋಗುವುದು ಪೂರ್ವಕ್ಕೆ, ಬರುವುದು ಪಶ್ಚಿಮಕ್ಕೆ. ಬೆಳಿಗ್ಗೆಯೂ ಸೂರ್ಯ ಎದುರಿಗೆ, ಸಂಜೆಯೂ ಎದುರಿಗೆ. ಮುಂದಿನ ಗಾಜಿನ ಒಳಮೈಗೆ ಅಂಟಿದ್ದ ಮಸುಕಿನ ಮೇಲೆ ಬಿಸಿಲು ಬಿದ್ದರೆ ರಸ್ತೆಯೇ ಕಾಣುತ್ತಿರಲಿಲ್ಲ. ಹಿಂದಿನ ದಿನ ಹಿಪ್ಪುನೇರಳೆ ಸೊಪ್ಪಿನ ಟೆಂಪೋ ಒಂದಕ್ಕೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತ್ತು.

"ಸೆರಗಲ್ಲಿ ಒರೆಸ್ತೀರಲ್ವಾ ಟೀಚರಮ್ಮ?" ಒಳಗೆ ಕೂತು ಉಸಿರೆಳೆದುಕೊಂಡು ಇಳಿದವರು ಗಾಜು ನೋಡಿ ಕೇಳಿದರು.

"ಹೂಂ."

"ಅದ್ ಮಾತ್ರ ಮಾಡ್ಬೇಡಿ ಕಣಮ್ಮ. ಸೆರಗಲ್ಲಿ ಜಿಡ್ಡಿರ್ತೈತೆ. ಹಳೇ ಪಂಚೆ ಎರಡು ತುಂಡು ಇಟ್ಕೊಳ್ಳಿ, ಒಂದು ಒದ್ದೆ, ಒಂದು ಒಣ. ಒಳಗಡೆ ಮೇಲಿಂದ ಕೆಳಕ್ಕೆ ಒರೆಸ್ಬೇಕು, ಹೊರಗಡೆ ಅಡ್ಡಡ್ಡ. ಗೀರು ಉಳಿದ್ರೆ ಯಾವ ಕಡೇದು ಅಂತ ಅದೇ ಹೇಳ್ತೈತೆ. ಅಂತೇ."

ಅವರ ಮನೆಮಾತು ತೆಲುಗು, ಬುದ್ಧಿಮಾತು ಮುಗಿಸಿದರೆ ಕೊನೆಗೊಂದು 'ಅಂತೇ', ಅಂದರೆ 'ಅಷ್ಟೇ', ಬೀಳಲೇಬೇಕು. ಗಾಜು ಡ್ಯಾಶ್‌ಬೋರ್ಡಿಗೆ ತಾಗುವ ಸಂದಿಯಲ್ಲಿ ಅಂಗೈ ತೂರುವುದಿಲ್ಲ. ಅವರು ಕೈ ಮಗುಚಿ, ಬೆರಳುಗಳ ಹಿಂಬದಿಯಿಂದ ಬಟ್ಟೆ ಒತ್ತಿ ಮೂಲೆಯವರೆಗೂ ಒರೆಸಿದರು. ಒರೆಸುತ್ತಲೇ ನನ್ನ ಕಡೆ ಕಿವಿಗೊಟ್ಟರು.

"ಗಾಜಿನ ಕತೆ ಆಯ್ತು. ನಿಮ್ಮ ಎದೆ ಯಾಕೆ ಹಿಂಗೆ ಸೀಟಿ ಹೊಡೀತೈತೆ? ಫಿಲ್ಟರ್ ಯಾವಾಗ ಬದಲಾಯಿಸಿದ್ರಿ?"

"ಸರ್ವೀಸಿಗೆ ಬಿಟ್ಟಾಗ ಅವರೇ ಬದಲಾಯಿಸ್ತಾರಲ್ಲ."

"ಅದು ಇಂಜಿನ್ದು. ನಿಮ್ದು?"

ಕಾರಿನಲ್ಲಿ ಕೂತವರಿಗೂ ಒಂದು ಫಿಲ್ಟರ್ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅವರು ಸೀಟಿನ ಮುಂದಿನ ಡಬ್ಬಿ ಕಳಚಿ, ಒಳಗಿನಿಂದ ಕಪ್ಪಗಿನದೊಂದನ್ನು ಎಳೆದು ನ್ಯೂಸ್‌ಪೇಪರಿನ ಮೇಲೆ ಇಟ್ಟರು. ಮಡಿಕೆ ಮಡಿಕೆಯಲ್ಲೂ ರೇಷ್ಮೆಯ ಎಳೆ, ಸೊಪ್ಪಿನ ಪುಡಿ, ಇಲಿಯ ಹಿಕ್ಕೆ. ಶಾಲೆಯ ಹತ್ತಿರ ದಿನವೂ ನಾನು ಕಾರು ನಿಲ್ಲಿಸುತ್ತಿದ್ದುದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಗಳ ಸಾಲಿನಲ್ಲಿ.

"ನೋಡಿ, ಇಷ್ಟು ದಿನ ಇದ್ರಾಗೆ ಸೋಸ್ಕೊಂಡು ಉಸಿರಾಡ್ತಿದ್ರಿ," ಎಂದರು.

ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಸುಸ್ತಿಗೆ. ಪಿಳ್ಳಪ್ಪನವರು ಸಮಾಧಾನ ಹೇಳಲಿಲ್ಲ. ಬೆಂಗಳೂರಿನಿಂದ ಹೊಸ ಫಿಲ್ಟರ್ ತರಿಸಲು ಪರಿಚಯದ ಕಂಡಕ್ಟರನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ಅದನ್ನು ಹಾಕಿದ ತಿಂಗಳೊಪ್ಪತ್ತಿನಲ್ಲಿ ನನ್ನ ವಾಕ್ಯಗಳು ಪೂರ್ತಿಯಾಗತೊಡಗಿದವು. ಅರ್ಜಿಯನ್ನು ಸ್ಟಾಫ್‌ರೂಮಿನಲ್ಲೇ ಹರಿದು ಹಾಕಿದೆ.

ಆಮೇಲೆ ಆಗಾಗ ಹೋಗುತ್ತಿದ್ದೆ. ಹೊಸ ಫಿಲ್ಟರ್ ಬೇಡ, ಇರುವುದನ್ನೇ ಕ್ಲೀನ್ ಮಾಡಿಕೊಡಿ ಎನ್ನುವ ಗಿರಾಕಿಗಳೇ ಅವರಿಗೆ ಹೆಚ್ಚು. ಆ ಮುಚ್ಚಿದ ಶೆಡ್ಡಿನಲ್ಲಿ ಫಿಲ್ಟರನ್ನು ಮೊಣಕಾಲಿಗೆ ಬಡಿದು, ಗಾಳಿ ಪೈಪು ಹಿಡಿದರೆ ಬೂದಿ ಬಣ್ಣದ ಧೂಳೆಲ್ಲ ನೇರ ಮುಖಕ್ಕೆ. ನಮ್ಮೆಲ್ಲರ ಕಾರಿನ ಕಸ ಅವರ ಎದೆಗೆ ಇಳಿಯುತ್ತಿತ್ತು. ಕೆಮ್ಮು ಆಗಲೇ ಶುರುವಾಗಿತ್ತು.

"ಮುಖಕ್ಕೆ ಬಟ್ಟೆ ಕಟ್ಕೋಬಾರ್ದಾ?" ಎಂದೆ.

"ಕಟ್ಕೊಂಡ್ರೆ ವಾಸನೆ ಹೆಂಗಮ್ಮ ಹತ್ತೋದು?"

ನಾನು ಬಿಡಲಿಲ್ಲ. ಮೆಡಿಕಲ್ ಸ್ಟೋರಿನಿಂದ ಹತ್ತು ಮಾಸ್ಕಿನ ಪ್ಯಾಕೆಟ್ ತಂದು ಕೈಗಿಟ್ಟೆ. ದಸರೆ ರಜೆ ಮುಗಿದ ಮೇಲೆ ಫಿಲ್ಟರ್ ಬದಲಿಸಲು ಕಾರು ಬಿಟ್ಟೆ. ಮಾರನೆಯ ಬೆಳಿಗ್ಗೆ ಕೀ ಕೊಡುತ್ತ, ಮಾಡಬಾರದ್ದು ಮಾಡಿದವರಂತೆ ತಲೆ ಕೆರೆದುಕೊಂಡರು.

"ಬೆಂಗಳೂರಿಂದ ಫಿಲ್ಟರ್ ಬರ್ಲಿಲ್ಲಮ್ಮ. ನಿಮ್ಮನ್ನ ಹಂಗೇ ಕಳ್ಸಕಾಗ್ತದಾ? ಆ ಮಾಸ್ಕ್ ಇತ್ತಲ್ಲ, ಹತ್ತನ್ನೂ ಹಳೇ ಫ್ರೇಮಿಗೆ ಸೇರ್ಸಿ ಹೊಲ್ದು ಕೂರ್ಸಿದ್ದೀನಿ. ಒಂದ್ ವಾರ ನಡೀತೈತೆ."

"ಅದು ನಿಮಗೆ ಕೊಟ್ಟಿದ್ದು ರೀ. ಬುದ್ಧಿ ಬೇಡ್ವಾ ನಿಮಗೆ?" ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಬೈಯುವ ದನಿಯಲ್ಲೇ ಬೈದೆ.

ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲದೆ ಕಂಬ ಹಿಡಿದು ಕೂತರು. ನನಗೆ ಫಸ್ಟ್ ಬೆಲ್ಲಿಗೆ ತಡವಾಗುತ್ತಿತ್ತು, ಹೊರಟುಬಿಟ್ಟೆ. ಎಷ್ಟೋ ವರ್ಷವಾಯಿತು, ಅದು ನನ್ನನ್ನು ಇನ್ನೂ ಕೊರೆಯುತ್ತದೆ.

ಮುಂದಿನ ಬೇಸಿಗೆಯಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ದೊಡ್ಡಾಸ್ಪತ್ರೆಯಲ್ಲಿದ್ದಾರೆ ಎಂದರು ಪಕ್ಕದ ಪಂಕ್ಚರ್ ಅಂಗಡಿಯವರು. ನಾನು ಹೋದಾಗ ಪಿಳ್ಳಪ್ಪನವರ ಹೆಂಡತಿ ಗಂಡನ ಬೆನ್ನು ಸವರುತ್ತ ಕೂತಿದ್ದರು. ಮಲಗಿದರೆ ಉಸಿರು ಸಿಕ್ಕದೆಂದು ಪಿಳ್ಳಪ್ಪನವರು ಮಂಚದ ಅಂಚು ಹಿಡಿದು ಬಾಗಿ ಕುಳಿತಿದ್ದರು. ಆ ಭಂಗಿ ನನಗೆ ಚೆನ್ನಾಗಿ ಗೊತ್ತು.

"ಟೀಚರಮ್ಮ," ಎಂದು ತಡೆದರು. ಇನ್ನೊಂದು ಉಸಿರು ಕೂಡಿಸಿಕೊಂಡು, "ಎದೆ... ಹೆಂಗೈತೆ?" ಎಂದರು.

"ಚೆನ್ನಾಗಿದೆ. ಇನ್‌ಹೇಲರ್ ಮುಟ್ಟಿ ಎರಡು ತಿಂಗಳಾಯ್ತು."

ಅವರಿಗೆ ಖುಷಿಯಾಯಿತು, ಮುಖದಲ್ಲಿ ಕಾಣುತ್ತಿತ್ತು. ನಾಲ್ಕು ದಿನಕ್ಕೆ ಹೋಗಿಬಿಟ್ಟರು. ನೋಡಲು ಹೋದ ಆ ದಿನ ಅರ್ಧ ಗಂಟೆ ಪಕ್ಕದಲ್ಲೇ ಕೂತಿದ್ದೆ. ಒಂದೊಂದು ಉಸಿರಿಗೂ ಅವರ ಹೆಗಲು ಏರಿ ಇಳಿಯುತ್ತಿತ್ತು. ಅವರೆದುರು ಅಷ್ಟು ಸಲೀಸಾಗಿ ಉಸಿರಾಡಲು ನನಗೆ ನಾಚಿಕೆಯಾಯಿತು.