ಎಫ್‌ಸಿ ಟಯರ್ ಹಾಕಿಕೊಂಡ ಜೀಪು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ನಾನು ಆಗ ಪುತ್ತೂರಿನಲ್ಲಿ ವಾಹನ ವಿಮೆಯ ಸರ್ವೇಯರ್. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಎಲ್ಲಿ ಗಾಡಿ ಗುದ್ದಿದರೂ ವಿಮಾ ಕಂಪೆನಿ ನನ್ನನ್ನು ಕಳಿಸುತ್ತಿತ್ತು. ಗಾಡಿ ನೋಡುವುದು, ಹಾನಿ ಎಷ್ಟು, ಹೇಗಾಯಿತು ಎಂದು ವರದಿ ಬರೆಯುವುದು ನನ್ನ ಕೆಲಸ. ಪರಿಹಾರ ಕೊಡುವುದು ಬಿಡುವುದು ಕಂಪೆನಿಗೆ ಸೇರಿದ್ದಾದರೂ ನನ್ನ ವರದಿಯನ್ನು ದಾಟಿ ಅವರು ಹೋದದ್ದು ಕಡಿಮೆ. ಇವರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ ಎಂಬ ಹೆಸರು ನನಗಿತ್ತು. ಆ ಹೆಸರಿನ ಮೇಲೆ ನನಗೆ ವಿಪರೀತ ಪ್ರೀತಿ.

ಬೆಳ್ಳಾರೆಯ ಹಮೀದ್ ಹದಿನೆಂಟು ವರ್ಷ ಗಲ್ಫಿನಲ್ಲಿ ಕ್ರೇನ್ ಓಡಿಸಿ ಬಂದವನು. ಬಂದ ದುಡ್ಡಿನಲ್ಲಿ ಫೋರ್ ವೀಲ್ ಡ್ರೈವ್ ಜೀಪು ಕೊಂಡು, ಎತ್ತರದ ಸ್ಪ್ರಿಂಗು, ದಪ್ಪ ಮಡ್ ಟಯರ್, ಕಬ್ಬಿಣದ ಬಂಪರ್, ಹೂತುಹೋದ ಗಾಡಿ ಎಳೆಯುವ ವಿಂಚ್ ಎಲ್ಲ ಹಾಕಿಸಿದ್ದ. ಲಾರಿ ಹತ್ತದ ಕೊಲ್ಲಮೊಗ್ರಿನ ಗುಡ್ಡದ ಮನೆಗಳಿಂದ ಕಾಳುಮೆಣಸು, ರಬ್ಬರ್ ಶೀಟು ಕೊಂಡು ತಂದು ಮಾರುವುದು ಅವನ ವ್ಯಾಪಾರ. ಭಾನುವಾರ ಬಂದರೆ ಕಡಬದ ಕಡೆ ಗೆಳೆಯರ ಜೊತೆ ಕೆಸರಿನಲ್ಲಿ ಆಫ್‌ರೋಡ್ ಆಟ. ಜೀಪು ಹೋದರೆ ವ್ಯಾಪಾರವೂ ಹೋಯಿತು, ವ್ಯಾಪಾರ ಹೋದರೆ ಮತ್ತೆ ಮರಳುಗಾಡು. ಅದು ಅವನಿಗೂ ಗೊತ್ತಿತ್ತು, ನನಗೂ.

ಅಪಘಾತ ಆದದ್ದು ಆಫ್‌ರೋಡಿನಲ್ಲಿ ಅಲ್ಲ. ಹಾಡಹಗಲೇ ಟಾರು ರಸ್ತೆಯ ತಿರುವಿನಲ್ಲಿ ದನ ಅಡ್ಡ ಬಂದು, ತಪ್ಪಿಸಲು ಹೋಗಿ ಮೋರಿ ಕಟ್ಟೆಗೆ ಗುದ್ದಿದ್ದ. ನೋಡಿದವರು ನಾಲ್ಕು ಜನ ಇದ್ದರು. ರೇಡಿಯೇಟರ್ ಅಪ್ಪಚ್ಚಿ, ಚಾಸಿಸ್ ಬಾಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಗಾಡಿಗೆ ಮಾರ್ಪಾಡು ಮಾಡಿದರೆ ಆರ್‌ಟಿಒಗೂ ವಿಮಾ ಕಂಪೆನಿಗೂ ತಿಳಿಸಬೇಕು. ಹಮೀದ್ ತಿಳಿಸಿರಲಿಲ್ಲ, ನಮ್ಮ ಕಡೆ ತಿಳಿಸಿದವರನ್ನು ನಾನು ಕಂಡದ್ದೂ ಇಲ್ಲ. ಆದರೂ ಅಪಘಾತಕ್ಕೆ ಆ ಮಾರ್ಪಾಡು ಕಾರಣವಲ್ಲ ಎಂದು ಸರ್ವೇಯರ್ ಬರೆದರೆ, ಕಂಪೆನಿ ಒಂದು ಪಾಲು ಕಡಿತ ಮಾಡಿ ಉಳಿದದ್ದನ್ನು ಕೊಡುವ ದಾರಿ ಇತ್ತು. ನಾನ್-ಸ್ಟ್ಯಾಂಡರ್ಡ್ ಇತ್ಯರ್ಥ ಎನ್ನುತ್ತೇವೆ. ಹಮೀದನ ಕ್ಲೇಮು ಹಾಗೆ ಸಲೀಸಾಗಿ ದಾಟಬೇಕಾದದ್ದು.

ಜೀಪು ಇದ್ದದ್ದು ಬೆಳ್ಳಾರೆಯ ವಸಂತನ ವರ್ಕ್‌ಶಾಪಿನಲ್ಲಿ. ನಾನು ಬರುವುದು ಬುಧವಾರ ಎಂದು ತಿಳಿಸಿದ್ದೆ. ಮಂಗಳವಾರ ಬೇರೆ ಕೇಸಿಗೆ ಸುಳ್ಯಕ್ಕೆ ಹೋಗಿ ಮರಳುವಾಗ ಅದೇ ದಾರಿಯಾಗಿ ಬಂದೆ. ರಸ್ತೆಯಿಂದಲೇ ಜೀಪು ಕಂಡಿತು: ಮಡ್ ಟಯರ್, ನುಜ್ಜುಗುಜ್ಜಾದ ಕಬ್ಬಿಣದ ಬಂಪರ್, ವಿಂಚ್. ಪಕ್ಕದಲ್ಲಿ ನಾಲ್ಕು ಸಾದಾ ಟಯರ್ ತಂದಿಟ್ಟಿದ್ದರು. ನೋಡಿದ ಕೂಡಲೇ ಅರ್ಥವಾಯಿತು.

ಅವು ವಸಂತನ ಎಫ್‌ಸಿ ಟಯರ್‌ಗಳು. ಹಳೆಯ ಗಾಡಿಯನ್ನು ಎಫ್‌ಸಿಗೆ, ಅಂದರೆ ಆರ್‌ಟಿಒದ ಫಿಟ್‌ನೆಸ್ ಪರೀಕ್ಷೆಗೆ, ಒಯ್ಯುವಾಗ ಹೆಚ್ಚುವರಿ ಸಾಮಾನೆಲ್ಲ ಕಳಚಿ, ವರ್ಕ್‌ಶಾಪಿನ ಒಳ್ಳೆಯ ಟಯರ್ ಎರವಲು ಹಾಕಿ ಪಾಸು ಮಾಡಿಸಿಕೊಂಡು, ಬಂದು ಬಿಚ್ಚಿ ಕೊಡುವುದು ನಮ್ಮೂರ ರೂಢಿ. ಆ ನಾಲ್ಕು ಟಯರ್ ಬೆಳ್ಳಾರೆಯ ಅರ್ಧ ಜೀಪುಗಳನ್ನು ಪಾಸು ಮಾಡಿಸಿದ್ದವು. ಸರ್ವೇಯರ್ ಬರುವುದೂ ಅಂಥದೇ ಒಂದು ಪರೀಕ್ಷೆ ಎಂದು ಪಾಪ ವಸಂತ ತಿಳಿದಿದ್ದ. ಅವನು ಜೀಪಿನ ಅಡಿಯಲ್ಲಿ ಮಲಗಿ ಬೋಲ್ಟು ಬಿಚ್ಚುತ್ತಿದ್ದ. ಹೋಗಿ ಬೇಡ ಎನ್ನಬಹುದಿತ್ತು. ನಾನು ರಸ್ತೆ ಬದಿಯಲ್ಲೇ ನಿಂತು ಮೊಬೈಲಿನಲ್ಲಿ ಎರಡು ಫೋಟೋ ತೆಗೆದು ಹೊರಟೆ.

ಬುಧವಾರ ಹೋದಾಗ ನಗು ತಡೆಯುವುದು ಕಷ್ಟವಾಯಿತು. ಸ್ಪ್ರಿಂಗ್ ಬದಲಿಸಲು ಪುರುಸೊತ್ತಾಗದೆ, ಸಣ್ಣ ಟಯರಿನ ಮೇಲೆ ಜೀಪು ಲುಂಗಿ ಎತ್ತಿ ಕಟ್ಟಿ ತೋಡು ದಾಟುವವನ ಹಾಗೆ ನಿಂತಿತ್ತು. ಒಳಗೆ ರೇಡಿಯೇಟರ್ ಅಪ್ಪಚ್ಚಿ. ಅದರ ಮುಂದೆ ಕೂರಿಸಿದ, ಜೀಪಿನ ಜೊತೆಗೇ ಬಂದಿದ್ದ ಮೂಲ ಬಂಪರಿಗೆ ಒಂದು ಗೀರೂ ಇಲ್ಲ.

"ಅಪಘಾತದ ದಿವಸ ಗಾಡಿ ಹೀಗೇ ಇತ್ತಾ?" ಎಂದು ಹಮೀದನನ್ನು ಕೇಳಿದೆ.

ಹಮೀದ್ ವಸಂತನ ಮುಖ ನೋಡಿದ. ಸುಳ್ಳು ಅವನ ಬಾಯಿಗೆ ಸುಲಭವಾಗಿ ಬರುತ್ತಿರಲಿಲ್ಲ. ವಸಂತನೇ ಹೇಳಿದ: "ಹೀಗೇ ಇದ್ದದ್ದು ಸಾರ್. ಬೇರೆ ಎಂತದೂ ಹಾಕ್ಸಿಲ್ಲ. ಹಮೀದಾಕ, ಹೇಳಿ ಮಾರಾಯ್ರೆ."

"ಹೌದು ಸಾರ್," ಎಂದ ಹಮೀದ್.

"ಹಾಗಾದ್ರೆ ಬರೆದು ಕೊಡಿ," ಎಂದು ಕಾಗದ ಚಾಚಿದೆ. ಬರೆದು ಸಹಿ ಹಾಕಿದ. ಕಾಗದವನ್ನು ಮಡಿಚಿ ಕಿಸೆಗೆ ಹಾಕಿಕೊಂಡ ಮೇಲೆ ಮೊಬೈಲ್ ತೆಗೆದು ಫೋಟೋ ತೋರಿಸಿದೆ. ಕಾಗದಕ್ಕೆ ಮೊದಲೇ ತೋರಿಸಿದ್ದರೆ ಅವನು ಬರೆಯುತ್ತಿರಲಿಲ್ಲ. ಆ ಕ್ರಮವನ್ನು ನಾನು ಬೇಕೆಂದೇ ಆರಿಸಿಕೊಂಡದ್ದು. ವಸಂತ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಅವರು ಮಾಡು ಅಂತ ಹೇಳ್ಲೇ ಇಲ್ಲ ಸಾರ್, ನಾನೇ ಮಾಡಿದ್ದು. ಒಳ್ಳೇದಾಗ್ಲಿ ಅಂತ ಮಾಡಿದ್ದು," ಎಂದ. ಅದು ನಿಜವೇ ಇರಬೇಕು. ವರದಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಸುಳ್ಳು ಹೇಳಿಕೆ ಕೊಟ್ಟು ಸಾಕ್ಷ್ಯ ಬದಲಿಸಿದ ಕಾರಣ ಕ್ಲೇಮು ಪೂರ್ತಿ ತಿರಸ್ಕೃತವಾಯಿತು. ಕಂಪೆನಿಯ ಅಧಿಕಾರಿ ಫೋನು ಮಾಡಿ ಶಹಭಾಸ್ ಹೇಳಿದರು. ನಾನು ಆ ದಿನ ಮನೆಯಲ್ಲಿ ಊಟಕ್ಕೆ ಕೂತು ಈ ಕಥೆಯನ್ನು ನಗುತ್ತ ಹೇಳಿದ್ದೂ ನೆನಪಿದೆ. ಹೆಂಡತಿ ನಗಲಿಲ್ಲ.

ಜೀಪು ಗುಜರಿಗೆ ಹೋಯಿತು. ಗುಡ್ಡದ ಮನೆಗಳ ವ್ಯಾಪಾರವನ್ನು ಇನ್ನೊಬ್ಬ ಹಿಡಿದ. ಐವತ್ತೊಂದನೇ ವಯಸ್ಸಿನಲ್ಲಿ ಹಮೀದನಿಗೆ ಮತ್ತೆ ಗಲ್ಫ್ ವೀಸಾ ಬಂತು. ಹೊರಡುವ ವಾರ ಪುತ್ತೂರಿನ ನನ್ನ ಕೋಣೆಗೆ ಬಂದ. ಬೈಯಲು ಬಂದಿದ್ದಾನೆ ಎಂದುಕೊಂಡು ನಾನೂ ಸಿದ್ಧನಾಗಿ ಕೂತೆ. ಅವನು ಕಂಪೆನಿ ಕಳಿಸಿದ ಪತ್ರದ ಜೊತೆಗಿದ್ದ ಫೋಟೋವನ್ನು ಮೇಜಿನ ಮೇಲಿಟ್ಟ.

"ಇದ್ರಲ್ಲಿ ತಾರೀಕು ಉಂಟು ಸಾರ್. ನೀವು ಮುನ್ನಾ ದಿವಸವೇ ನೋಡಿದ್ದೀರಿ. ವಸಂತ ಅಲ್ಲೇ ಇದ್ದ. ಹಾಗೆಲ್ಲ ಮಾಡುದು ಬೇಡ ಅಂತ ಒಂದು ಮಾತು ಹೇಳ್ಬಹುದಿತ್ತು."

"ಅದು ನನ್ನ ಕೆಲಸ ಅಲ್ಲ," ಎಂದೆ.

ಅವನು ಫೋಟೋವನ್ನು ಮಡಿಚಿ ಕಿಸೆಗೆ ಹಾಕಿಕೊಂಡ. "ಹೌದು, ಕೆಲಸ ಅಲ್ಲ," ಎಂದು ಎದ್ದು ಹೋದ.

ಆಮೇಲೆ ನಿವೃತ್ತಿಯವರೆಗೂ ಪ್ರತಿ ತಪಾಸಣೆಗೆ ಮೊದಲು ನಾನೇ ಫೋನು ಮಾಡಿ, "ಗಾಡಿಗೆ ಕೈ ಹಚ್ಚಬೇಡಿ, ಹಾಕಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ನಿಜ ಹೇಳಿದರೆ ಸ್ವಲ್ಪವಾದರೂ ಸಿಗುತ್ತದೆ," ಎನ್ನುತ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅದೂ ಇನ್ನೊಬ್ಬನನ್ನು ಕೆಡಿಸಿದ ಮೇಲೆ. ನನ್ನ ವರದಿಯ ಒಂದೊಂದು ಸಾಲೂ ನಿಜವಾಗಿತ್ತು. ಸುಳ್ಳು ಹೇಳದೆಯೂ ಒಬ್ಬನ ಅನ್ನ ಕಸಿಯಬಹುದು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಆ ಫೋನಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಹಮೀದನ ಸರದಿಯಲ್ಲಿ ಪುರುಸೊತ್ತು ಇರಲಿಲ್ಲ ಎಂದು ಹೇಳಲಾರೆ. ಪುರುಸೊತ್ತಿತ್ತು. ಅವನು ಸಿಕ್ಕಿಬೀಳುವುದನ್ನು ನೋಡುವ ಆಸೆಯೂ ಇತ್ತು.