ಕಿಟಕಿ ಅಕ್ಕನ ಎರಡು ಗಂಟೆ

ಭಾನುವಾರ ಸಂಜೆ ನಾಲ್ಕೂಮುಕ್ಕಾಲಿಗೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ನಡುಮನೆಯ ಬರಿ ನೆಲದ ಮೇಲೆ ಉದ್ದಕ್ಕೆ ಮಲಗಿಬಿಡುವುದು. ದಿಂಬಿಲ್ಲ, ಚಾಪೆಯಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ತನಗಾಗಿ ಮಾಡಿಕೊಂಡಿದ್ದು ಇದೊಂದೇ.

ಫುಟ್‌ಬಾಲ್ ಮೈದಾನದ ಟಿಕೆಟ್ ಕಿಟಕಿಯ ಹಿಂದೆ ಕೂರುವವಳು ಅವಳು. ಊರಿಗೆಲ್ಲ ಕಿಟಕಿ ಅಕ್ಕ. ಕೈ ತೂರುವಷ್ಟೇ ದೊಡ್ಡ ಆ ಕಂಡಿಯಲ್ಲಿ ಜನ ಕಂಡಿದ್ದು ಅವಳ ಬೆರಳುಗಳನ್ನು, ಕೇಳಿದ್ದು ಅವಳ ದನಿಯನ್ನು. ಮಾರುಕಟ್ಟೆಯಲ್ಲಿ ಎದುರಿಗೇ ನಿಂತರೂ ಯಾರಿಗೂ ಗುರುತು ಸಿಗುತ್ತಿರಲಿಲ್ಲ. "ಚಿಲ್ಲರೆ ಕೊಡಿ" ಅಂದ ಕೂಡಲೇ ಮಾತ್ರ, "ಓ, ಅಕ್ಕಾ, ನೀವಾ?" ಅನ್ನುತ್ತಿದ್ದರು.

ಗಂಡನಿಗೆ ಟೈರ್ ಅಂಗಡಿಯಲ್ಲಿ ಕೆಲಸ. ಎರಡು ವಾರಕ್ಕೊಮ್ಮೆ ಊರಿನ ತಂಡದ ಆಟವಿದ್ದಾಗ ಪೂರ್ವದ ಗ್ಯಾಲರಿಯ ಮೂರನೇ ಸಾಲು ಅವನದು, ಜೊತೆಗೆ ನಾಲ್ವರು ಗೆಳೆಯರು. ಅವರಲ್ಲೊಬ್ಬ, ಆಟವಿರಲಿ ಅಡುಗೆಯಿರಲಿ ತೀರ್ಪು ಕೊಡದೆ ಬಿಡದವನು, ಹೆಸರೇ ರೆಫರಿ ಎಂದು ನಿಂತುಹೋಗಿತ್ತು. ನಾಲ್ಕಕ್ಕೆ ಆಟ ಶುರು. ಆರಕ್ಕೆ ಮುಗಿದರೆ ಮೂಲೆಯ ಟೀ ಅಂಗಡಿಯಲ್ಲಿ ಅದೇ ಆಟವನ್ನು ಬಾಯಿಂದ ಇನ್ನೊಮ್ಮೆ ಆಡಿ ಏಳಕ್ಕೆ ಮನೆಗೆ. ಅವಳು ನಾಲ್ಕೂಕಾಲಿಗೆ ಕಿಟಕಿ ಮುಚ್ಚಿ ಬರುತ್ತಿದ್ದಳು. ಅತ್ತೆ ಒಳಕೋಣೆಯಲ್ಲಿ ಒರಗಿರುತ್ತಿದ್ದರು, ಸೊಸೆ ಹೊರಗಿನ ನೆಲದಲ್ಲಿ. ಇಬ್ಬರೂ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳದ ಎರಡು ಗಂಟೆ ಅದು.

ಹೊಸ ಸೀಸನ್‌ಗೆ ಮುಂಚೆ ಕ್ಲಬ್ಬಿನ ಕಾರ್ಯದರ್ಶಿ ಎಲ್ಲರನ್ನೂ ಕೂರಿಸಿ ಹೇಳಿದರು. "ಇಷ್ಟು ದಿನ ಟೀವಿ ಕಂಪನಿಯೋರು ಎಲ್ಲ ಕ್ಲಬ್ ಆಟಾನೂ ಒಂದೇ ಗಂಟು ಕಟ್ಟಿ ಕೊಳ್ತಿದ್ರು. ದೊಡ್ಡೋರಿಗೆ ಊಟ, ನಮಗೆ ಕೈ ತೊಳೆದ ನೀರು. ಇನ್ಮೇಲೆ ನಮ್ಮ ಆಟ ನಾವೇ ತೋರಿಸ್ತೀವಿ. ನಮ್ಮದೇ ಆ್ಯಪ್. ತಿಂಗಳಿಗೆ ನೂರು. ನಡುವೆ ಯಾರೂ ಇಲ್ಲ."

"ಟಿಕೆಟ್ ಕಥೆ ಏನು ಸರ್?" ಅವಳು ಕೇಳಿದಳು.

"ಏರಿಸ್ತೀವಿ. ಮನೇಲಿ ಕೂತು ನೋಡೋರು ನೋಡಲಿ. ಅಷ್ಟಾದ್ಮೇಲೂ ಮೈದಾನಕ್ಕೆ ಬರೋನು ಅಂದ್ರೆ ಹುಚ್ಚ. ಹುಚ್ಚ ಕೇಳಿದಷ್ಟು ಕೊಡ್ತಾನೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಆ ಹುಚ್ಚರಲ್ಲೊಬ್ಬ ಅವಳ ಮನೆಯಲ್ಲೇ ಇದ್ದ, ಅವನು ಎಷ್ಟರವರೆಗೆ ಕೊಡುತ್ತಾನೆಂದು ಅವಳಿಗೆ ಗೊತ್ತಿತ್ತು.

ಪೂರ್ವದ ಸಿಮೆಂಟ್ ಮೆಟ್ಟಿಲುಗಳ ಮೇಲೆ ನೀಲಿ ಕುರ್ಚಿಗಳು ಬಂದವು. ಐವತ್ತರ ಟಿಕೆಟ್ ನೂರಿಪ್ಪತ್ತಾಯಿತು. ಮೊದಲ ಭಾನುವಾರ ಅವಳು ಮನೆಗೆ ಬಂದಾಗ ಬಾಗಿಲಲ್ಲಿ ಐದು ಜೊತೆ ಚಪ್ಪಲಿ.

"ಐದು ಜನಕ್ಕೆ ಆರುನೂರು ಆಗ್ತಿತ್ತು," ಗಂಡ ಸೋಫಾದಿಂದಲೇ ಹೇಳಿದ. "ಇಲ್ಲಿ ತಿಂಗಳಿಗೆಲ್ಲ ಸೇರಿ ನೂರು. ಹೇಳು, ಯಾರು ಜಾಣ?"

"ನೀವೇ."

"ಟೀ ಐದು ಮಾಡು. ಇವನಿಗೆ ಸಕ್ಕರೆ ಕಮ್ಮಿ."

ಅವಳು ಮಲಗುತ್ತಿದ್ದ ಜಾಗದಲ್ಲಿ ಹತ್ತು ಪಾದಗಳಿದ್ದವು.

ಟೀ ಆದ ಮೇಲೆ ಕಡಲೆಬೀಜ ಹುರಿಯಬೇಕು, ಆಟ ಮುಗಿಯುವ ಹೊತ್ತಿಗೆ ಮತ್ತೆ ಟೀ, ಸೋತರೆ ಇನ್ನೊಂದು. ನಡುವೆ ಕೈ ಬಿಡುವಾದರೂ ಕೂರಲಾಗುತ್ತಿರಲಿಲ್ಲ. ಒಣಗದ ಬಟ್ಟೆಯನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ, ಸರಿಕಾಣದೆ ಅಗಲದ ಪ್ರಕಾರ ಜೋಡಿಸಿ, ಮುಂದಿನ ಸಲ ಮತ್ತೆ ಬದಲಾಯಿಸುತ್ತಿದ್ದಳು. ಬಾಗಿಲಿಗೆ ಹೋಗುವಳು, ಯಾಕೆ ಬಂದೆನೆಂದು ಮರೆತು ವಾಪಸಾಗುವಳು. ಸೋಮವಾರ ಮುಂಗಡ ಟಿಕೆಟ್ ಮಾರಲು ಕಿಟಕಿಯಲ್ಲಿ ಕೂತಾಗಲೂ ಕಾಲು ತಾನಾಗಿ ಅಲ್ಲಾಡುತ್ತಿತ್ತು.

"ಏನೇ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದರು ಅತ್ತೆ. ಅವರ ಒರಗುವಿಕೆಯೂ ಹೋಗಿತ್ತು. ಒಳಕೋಣೆಯ ಗೋಡೆಯಾಚೆಯೇ ಟೀವಿ.

"ನಿಮ್ಮ ಮಗನ್ನ ಕೇಳಿ ಅತ್ತೆ."

"ಅವನನ್ನ ಹೆತ್ತಿದ್ದೇ ಸಾಕು, ಕೇಳೋದು ಬೇರೆ."

ಮೂರನೆಯ ಆಟದ ದಿನ ಅವಳು ತಟ್ಟೆ ಹಿಡಿದು ಸೋಫಾದ ಹಿಂದೆ ನಿಂತಿದ್ದಳು. ಯಾರೂ ಲೋಟ ಎತ್ತಿಕೊಳ್ಳಲಿಲ್ಲ, ಕಾರ್ನರ್ ಕಿಕ್ ನಡೆದಿತ್ತು. ಕಾಯುತ್ತ ಅವಳೂ ಪರದೆ ನೋಡಿದಳು. ಐವರೂ ಚೆಂಡನ್ನು ನೋಡುತ್ತಿದ್ದರು. ಅವಳಿಗೆ ಕಂಡಿದ್ದು ಕುರ್ಚಿಗಳು. ಕ್ಯಾಮೆರಾ ಇದ್ದದ್ದು ಪಶ್ಚಿಮದ ಚಾವಣಿಯ ಮೇಲೆ. ನೆರಳಿನ, ದುಬಾರಿಯ ಪಶ್ಚಿಮ ಗ್ಯಾಲರಿ ಅದರ ಅಡಿಯಲ್ಲೇ ಇದ್ದದ್ದರಿಂದ ಚಿತ್ರಕ್ಕೆ ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಎದುರಿನ ಪೂರ್ವ, ಸಾಲಿಗೆ ಸಾಲು ನೀಲಿ, ಒಂದು ತಲೆಯೂ ಇಲ್ಲ. ಮೂರನೇ ಸಾಲಿನ ಮೂವತ್ತೊಂದರಿಂದ ಮೂವತ್ತೈದು, ಇದೇ ಐವರ ಜಾಗ, ಚೆಂಡಿನ ಹಿಂದೆಯೇ ಬಾಯಿ ಬಿಟ್ಟುಕೊಂಡಿತ್ತು.

"ಏನಪ್ಪಾ, ಸಾವಿನ ಮನೆ ತರ ಇದೆ," ಎಂದ ರೆಫರಿ. "ಸೌಂಡ್ ಜಾಸ್ತಿ ಮಾಡೋ."

"ಇದೇ ಜಾಸ್ತಿ."

"ವಿವರಣೆ ಹೇಳೋನು ಕೆಮ್ಮೋದು ಕೇಳ್ತಾ ಇದೆಯಲ್ಲೋ. ಮುಂದಿನ ತಿಂಗಳು ಕಟ್ಬೇಡ ಬಿಡು. ಗೋಲು ಬಿದ್ದಿದ್ದಷ್ಟೇ ಫೋನಲ್ಲಿ ಬಿಟ್ಟಿ ಬರುತ್ತೆ."

ಸೋಮವಾರ ಬೆಳಿಗ್ಗೆ ಅವಳು ಕಿಟಕಿ ತೆರೆಯುವ ಮುಂಚೆ ಕಾರ್ಯದರ್ಶಿಯ ಕೋಣೆಗೆ ಹೋದಳು. ಅವರ ಮುಂದೆ ಕ್ಯಾಮೆರಾ ಕಂಪನಿಯವರ ಹೊಳೆಯುವ ಕಾಗದಗಳಿದ್ದವು. ಆ್ಯಪ್‌ಗೆ ಸೇರಿದ ನಾಲ್ಕು ಸಾವಿರ ಮನೆಗಳಲ್ಲಿ ಒಂದೂವರೆ ಸಾವಿರ ಬಿಟ್ಟುಹೋಗಿದ್ದವು. ಚಿತ್ರ ಸ್ಪಷ್ಟವಿಲ್ಲ, ಅದಕ್ಕೇ ಎಂದು ಅವರ ಅಂದಾಜು.

"ಚಿತ್ರ ಸ್ಪಷ್ಟವಾಗೇ ಇದೆ ಸರ್," ಎಂದಳು. "ಅದಕ್ಕೇ ಖಾಲಿ ಕುರ್ಚಿ ಅಷ್ಟು ಚೆನ್ನಾಗಿ ಕಾಣ್ತಿರೋದು."

"ಏನಮ್ಮ ನೀವು ಹೇಳೋದು?"

"ನೀವು ಪಶ್ಚಿಮದಲ್ಲಿ ಕೂತು ನೋಡ್ತೀರಿ, ನಿಮ್ಮ ಸುತ್ತ ಜನ ಇರ್ತಾರೆ. ನಾನು ಸೋಫಾ ಹಿಂದೆ ನಿಂತು ನೋಡ್ತೀನಿ. ಮನೇಲಿ ದುಡ್ಡು ಕೊಡೋನು ಬರೀ ಆಟ ಕೊಳ್ಳಲ್ಲ. ಗಲಾಟೇನೂ ಬೇಕು ಅವನಿಗೆ. ಗಲಾಟೆ ಮಾಡೋರು ಅಲ್ಲಿ ಬಂದು ಗಂಟಲು ಹರ್ಕೊಂಡು ನಿಮ್ಮ ಕೆಲಸ ಮಾಡಿಕೊಡ್ತಿದ್ರು. ಅವರ ಹತ್ರಾನೇ ನೂರಿಪ್ಪತ್ತು ಕೇಳಿದ್ರಿ."

"ಕೆಲಸ ಅಂತೀರಾ ಅದನ್ನ?"

"ಬಿಟ್ಟಿ ಕೆಲಸ ಕಂಡ್ರೆ ನನಗೆ ಬೇಗ ಗುರುತು ಸಿಗುತ್ತೆ ಸರ್."

ಅವರು ಫೋನ್ ತೆರೆದು ಹಿಂದಿನ ದಿನದ ಆಟ ಹಾಕಿದರು. ನೋಡುತ್ತ ನೋಡುತ್ತ ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಎಷ್ಟು ಮಾಡೋಣ? ಮೊದಲಿನ ಐವತ್ತು?"

"ಇಪ್ಪತ್ತು. ಸೋಫಾ ರುಚಿ ಹತ್ತಿದೆ, ಐವತ್ತಕ್ಕೆ ಎದ್ದು ಬರಲ್ಲ. ಬೇಕಾದ್ರೆ ಪಶ್ಚಿಮದ್ದು ಏರಿಸಿ, ಅವರು ಹೇಗೂ ಕ್ಯಾಮೆರಾಗೆ ಬೀಳಲ್ಲ."

ತನ್ನ ನಡುಮನೆಯ ನೆಲದ ವಿಷಯ ಮಾತ್ರ ಹೇಳಲಿಲ್ಲ. ಐದು ಜೊತೆ ಚಪ್ಪಲಿ ಬಾಗಿಲಿಂದ ಹೋಗಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು. ಕ್ಲಬ್ ಉಳಿದರೆ ಉಳಿಯಲಿ.

ಹತ್ತು ದಿನಕ್ಕೆ ಗೇಟಿನ ಮೇಲೆ ಫಲಕ ಬಂತು: ಪೂರ್ವ ಗ್ಯಾಲರಿ ಇಪ್ಪತ್ತು. ಕಾರ್ಯದರ್ಶಿ ಎಲ್ಲರೆದುರು 'ನನ್ನ ಯೋಜನೆ' ಎಂದರು. ಅಂದುಕೊಳ್ಳಲಿ ಎಂದುಕೊಂಡು ಅವಳು ಹೆಚ್ಚುಕಮ್ಮಿ ಓಡುತ್ತಲೇ ಮನೆಗೆ ಹೋದಳು.

"ರೀ, ಪೂರ್ವದ್ದು ಇಪ್ಪತ್ತಾಯ್ತು. ನಿಮ್ಮ ಸಾಲು ಎತ್ತಿಡ್ಲಾ?"

ಗಂಡ ತಲೆ ಎತ್ತಲಿಲ್ಲ. "ಇಪ್ಪತ್ತಾದ್ರೇನು, ಎರಡಾದ್ರೇನು? ಬಿಸಿಲಿಗೆ ಮುಖ ಕೊಟ್ಕೊಂಡು ಯಾರು ಕೂರ್ತಾರೆ? ಇಲ್ಲಿ ಕಾಲು ಚಾಚಿದ್ರೆ ಟೀ ಬರುತ್ತೆ."

ಅವಳು ಅಲ್ಲೇ ನಿಂತಳು. ಮೈದಾನದ ಟಿಕೆಟ್ಟನ್ನು ಎಷ್ಟು ಇಳಿಸಿದರೂ ಸೋಫಾಕ್ಕೆ ಸಮವಾಗುವುದಿಲ್ಲ. ಸೋಫಾವನ್ನು ಅಷ್ಟು ಅಗ್ಗ ಮಾಡಿಟ್ಟಿರುವುದು ಯಾರು? ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಹೋಗಿ ಆರಿಸಿದಳು, ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಭಾನುವಾರ ಬೆಳಿಗ್ಗೆ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. "ಇವತ್ತು ನಾನು ಬರೋದು ಏಳಕ್ಕೆ."

"ಅವರ ಟೀ?"

"ನೀವು ಮಾಡ್ಬೇಡಿ ಅತ್ತೆ."

"ನನಗೇನು ಹುಚ್ಚೇ?" ಅತ್ತೆ ಕನ್ನಡಕ ಒರೆಸಿಕೊಂಡರು. "ಒಂದು ಟಿಕೆಟ್ ನನಗೂ ಇಟ್ಟಿರು. ನಲವತ್ತು ವರ್ಷದಿಂದ ಕೇಳ್ತಿದ್ದೀನಿ, ಅದೇನು ಒದೀತಾರೋ ನೋಡಿಬಿಡೋಣ."

ಅಂದು ಕಿಟಕಿಯ ಮುಂದೆ ಸಾಲು ರಸ್ತೆಯವರೆಗೆ ಹೋಯಿತು. ಪಾಳಿ ಮುಗಿಸಿ ಬಂದ ನರ್ಸ್‌ಗಳು, ಮಕ್ಕಳನ್ನು ಹೆಗಲೇರಿಸಿಕೊಂಡ ಅಪ್ಪಂದಿರು, ಕಾಲೇಜು ಹುಡುಗಿಯರು. ಗಂಡನ ಗುಂಪಿನವರು ಒಬ್ಬರೂ ಇಲ್ಲ. ನಾಲ್ಕೂಕಾಲಿಗೆ ಅವಳು ಡ್ರಾಯರಿಗೆ ತನ್ನದೇ ನಲವತ್ತು ಹಾಕಿ, ಎತ್ತಿಟ್ಟಿದ್ದ ಎರಡು ಟಿಕೆಟ್ ಹರಿದುಕೊಂಡು, ಕಿಟಕಿ ಮುಚ್ಚಿದಳು. ಕಾಲು ಅಭ್ಯಾಸದಿಂದ ಮನೆ ಕಡೆ ನಾಲ್ಕು ಹೆಜ್ಜೆ ಹಾಕಿಬಿಟ್ಟಿತು. ತಿರುಗಿಸಿಕೊಂಡು, ಗೇಟಿನಲ್ಲಿ ಕಾಯುತ್ತಿದ್ದ ಅತ್ತೆಯ ಕೈ ಹಿಡಿದು ಒಳಗೆ ಹೋದಳು.

ಮೂರನೇ ಸಾಲು, ಮೂವತ್ತೊಂದು ಮತ್ತು ಮೂವತ್ತೆರಡು. ಹತ್ತೊಂಬತ್ತು ವರ್ಷ ಟಿಕೆಟ್ ಮಾರಿದವಳು ಹುಲ್ಲು ಇಷ್ಟು ಹಸಿರೆಂದು ನೋಡಿರಲಿಲ್ಲ. ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಸುತ್ತ ಕಿವಿ ತೂತಾಗುವ ಗದ್ದಲ. ಇದು ಅವಳು ಕಳೆದುಕೊಂಡ ಎರಡು ಗಂಟೆಯಲ್ಲ. ಅದರಲ್ಲಿ ಸದ್ದೇ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬ್ಯಾಗಿನ ಜಿಪ್ ಎಳೆದಳು, ಮುಚ್ಚಿದಳು.

ಎರಡನೇ ಅರ್ಧ ಶುರುವಾಗುತ್ತಲೇ ಫೋನ್ ಬಂತು.

"ಎಲ್ಲಿದ್ದೀಯಾ? ಗಂಟೆ ಎಷ್ಟಾಯ್ತು ಗೊತ್ತಾ?"

"ಟೀವಿ ನೋಡಿ. ನಿಮ್ಮ ಸಾಲು."

ಆ ಕಡೆಯಿಂದ ರೆಫರಿಯ ದನಿ, "ಅಯ್ಯೋ, ಅಮ್ಮಾನೂ ಅಲ್ಲೇ ಇದ್ದಾರಲ್ಲೋ."

ಗಂಡ ಗಂಟಲು ಸರಿಮಾಡಿಕೊಂಡ. "ಟೀ ಪುಡಿ ಎಲ್ಲಿದೆ?"

ಹೇಳೋಣವೆಂದು ಬಾಯಿ ತೆರೆದಳು. ಎತ್ತರದ ಪ್ರಕಾರವೋ ಅಗಲದ ಪ್ರಕಾರವೋ, ಕೊನೆಯ ಸಲ ಹೇಗೆ ಜೋಡಿಸಿದ್ದಳೆಂದು ನಿಜವಾಗಿಯೂ ನೆನಪಾಗಲಿಲ್ಲ.

"ಗೊತ್ತಿಲ್ಲ ರೀ. ಎಲ್ಲ ಡಬ್ಬಾನೂ ತೆಗೆದು ನೋಡಿ."

ಫೋನ್ ಬ್ಯಾಗಿಗೆ ಹಾಕಿದಳು. ಕಾಲು ಮತ್ತೆ ಅಲ್ಲಾಡತೊಡಗಿತು. ಅತ್ತೆ ಆಟದಿಂದ ಕಣ್ಣು ತೆಗೆಯದೆ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು.

"ಸುಮ್ನೆ ಕೂತ್ಕೋ. ಅವನು ನೋಡ್ತಿರ್ತಾನೆ."

ಅವಳು ಚಪ್ಪಲಿ ಬಿಟ್ಟು, ಮುಂದಿನ ಸಾಲಿನ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಎರಡೂ ಕಾಲು ಚಾಚಿದಳು. ಮುಂದಿನ ಆಟಕ್ಕೆ ಇನ್ನೂ ಹದಿನಾಲ್ಕು ದಿನವಿತ್ತು.